ಜೇಬಿನಲ್ಲಿ ಉಳಿದ ಎರಡು ಹುರುಳಿಕಾಳು

ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ನಮ್ಮ ಬೀದಿಗೆ ಬಂದಳೆಂದರೆ ನಾನು ಒಳಗೆ ಹೋಗಿ ನನ್ನ ಬೀರುವಿನ ಮುಂದೆ ನಿಂತುಕೊಳ್ಳುತ್ತೇನೆ. ನನ್ನ ಮೂರು ಪ್ಯಾಂಟು, ಒಂದು ಸ್ವೆಟರು, ಮದುವೆಯ ಪಂಚೆ ಎಲ್ಲ ಹಾಗೆ ಹೋಗಿ ಅಡುಗೆಮನೆಯಲ್ಲಿ ಡಬ್ಬಿಗಳಾಗಿ ಕೂತಿವೆ. ಹೋದ ತಿಂಗಳು ಸ್ನಾನಕ್ಕೆ ಹೋಗಿದ್ದಾಗ ಅವಳು ಬಂದುಬಿಟ್ಟಳು. ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದರೆ ನನ್ನ ಹೆಂಡತಿ ಒಂದು ತಿಳಿನೀಲಿ ಅಂಗಿಯನ್ನು ಹಿಡಿದು ಜೇಬು ತಡಕುತ್ತಿದ್ದಳು. ಕೊಡುವ ಮುಂಚೆ ಜೇಬು ನೋಡುವುದು ಅವಳ ಪದ್ಧತಿ.

"ಇದೇನ್ರೀ, ಜೇಬಲ್ಲಿ ಹುರುಳಿ ಬಿತ್ತಿದ್ರಾ?" ಎಂದು ಅವಳು ನನ್ನ ಅಂಗೈಗೆ ಎರಡು ಕಾಳು ಹಾಕಿದಳು.

ನಾನು ನಿಂತಲ್ಲೇ ಬೆಚ್ಚಿದೆ. ಆ ಅಂಗಿಯನ್ನು ನಾನು ಎಂಟು ವರ್ಷದ ಹಿಂದೆ ಒಂದೇ ಒಂದು ದಿನ ಹಾಕಿ, ಒಗೆಯುವುದಕ್ಕೂ ಕೊಡದೆ ಟ್ರಂಕಿನ ತಳಕ್ಕೆ ತುರುಕಿದ್ದೆ. ಕಾಳುಗಳು ಒಣಗಿ ಇನ್ನಷ್ಟು ಕಪ್ಪಾಗಿದ್ದವು. "ಮಕ್ಕಳು ಆಟಕ್ಕೆ ಹಾಕಿರಬೇಕು" ಎಂದೆ. ನಮ್ಮ ಮನೆಯಲ್ಲಿ ಆಗ ಜೇಬಿಗೆ ಕಾಳು ಹಾಕುವ ವಯಸ್ಸಿನ ಮಕ್ಕಳೇ ಇರಲಿಲ್ಲ. ಲೆಕ್ಕದ ಮೇಷ್ಟ್ರಾಗಿ ಮೂವತ್ತು ವರ್ಷ ಕಳೆದವನಿಗೆ ಸುಳ್ಳು ಹೇಳುವಾಗ ಇಷ್ಟು ಸಣ್ಣ ಲೆಕ್ಕವೂ ಹೊಳೆಯುವುದಿಲ್ಲ ನೋಡಿ.

ಈ ಕಾಳಿನ ಕತೆ ಹೇಳಬೇಕಾದರೆ ನಮ್ಮ ಬೀದಿಯ ಕತೆ ಹೇಳಬೇಕು. ಬೀದಿಯ ಕತೆಗೂ ಮುಂಚೆ ನಮ್ಮ ಊರಿನದು. ಹುತ್ರಿದುರ್ಗದ ಬೆಟ್ಟದ ಕೆಳಗಿನ ಒಂದು ಹಳ್ಳಿ ನನ್ನದು. ಅಲ್ಲಿ ನಮ್ಮ ಮನೆಯ ಮುಂದೆ ಯಾರ ಗಾಡಿ ಬೇಕಾದರೂ ನಿಲ್ಲುತ್ತಿತ್ತು. ಕುಣಿಗಲ್ ಸಂತೆಗೆ ಹೊರಟವರು ಎತ್ತು ಬಿಚ್ಚಿ, ನೊಗವನ್ನು ನಮ್ಮ ಜಗಲಿಗೆ ಒರಗಿಸಿ ಹೋಗುತ್ತಿದ್ದರು. ನಾವು ಹುಡುಗರು ಗಾಡಿಯ ಮುಂದಿನ ಮೂಕಿಯ ಮೇಲೆ ಹತ್ತಿ ಏತದಂತೆ ಮೇಲೆ ಕೆಳಗೆ ಆಡುತ್ತಿದ್ದೆವು. ನಮ್ಮ ತಾತ ಒಳಗಿನಿಂದ ಬಂದು ಮೊದಲು ಎತ್ತಿಗೆ ಒಂದು ಹೊರೆ ಹುಲ್ಲು ಹಾಕಿ, ಆಮೇಲೆ, "ಯಾವೂರಪ್ಪ? ಮಜ್ಜಿಗೆ ಕುಡ್ದು ಹೋಗು" ಎನ್ನುತ್ತಿದ್ದರು. ಮನೆ ಮುಂದೆ ಗಾಡಿ ನಿಂತರೆ ನೆಂಟರು ಬಂದರು ಎಂದೇ ಅವರ ತಿಳುವಳಿಕೆ. ಗಾಡಿ ನಿಲ್ಲಿಸಿದವನನ್ನು ಬೈಯುವುದಕ್ಕೆ ನಮ್ಮೂರಿನ ಕನ್ನಡದಲ್ಲಿ ಮಾತೇ ಇರಲಿಲ್ಲ. ಉಳಿದೆಲ್ಲದಕ್ಕೂ ಬೇಕಾದಷ್ಟಿದ್ದವು.

ಆ ತಾತನ ಮೊಮ್ಮಗ ನಾನು ತೊಂಬತ್ತರ ದಶಕದ ಮೊದಲಲ್ಲಿ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಮನೆ ಕಟ್ಟಿಸಿದೆ. ಇಪ್ಪತ್ತು ಅಡಿ ರಸ್ತೆ. ಆಗ ಇಡೀ ಬೀದಿಗೆ ಇದ್ದದ್ದು ಆರು ಸೈಕಲ್ಲು, ನನ್ನದೊಂದು ಸ್ಕೂಟರು. ರಸ್ತೆ ಎಷ್ಟು ಅಗಲವೆಂದರೆ ಸಂಜೆ ಹೆಂಗಸರು ಅದರಲ್ಲೇ ಸಂಡಿಗೆ ಒಣಗಿಸಿದ ಚಾಪೆ ಕೊಡವಿ ಕೂತು ಮಾತಾಡುತ್ತಿದ್ದರು. ಆಮೇಲೆ ಮನೆಮನೆಗೆ ಗ್ರೈಂಡರ್ ಬಂತು, ಒರಳುಕಲ್ಲುಗಳಿಗೆ ಕೆಲಸ ಹೋಯಿತು. ಅದೇ ಹೊತ್ತಿಗೆ ಕಾರುಗಳು ಬಂದವು, ಒರಳುಕಲ್ಲಿಗೆ ಮತ್ತೆ ಕೆಲಸ ಸಿಕ್ಕಿತು. ಒಂದೊಂದೇ ಒರಳು ಉರುಳಿಕೊಂಡು ರಸ್ತೆಯಂಚಿಗೆ ಬಂದು, ನಮ್ಮ ಜಾಗ ಇಲ್ಲಿಯವರೆಗೆ ಎಂದು ಕೂತಿತು. ಕಲ್ಲಿಲ್ಲದವರು ಹೂವಿನ ಕುಂಡ ಇಟ್ಟರು. ಕುಂಡ ಇಲ್ಲದವರು ಪೇಂಟಿನ ಡಬ್ಬಕ್ಕೆ ಸಿಮೆಂಟು ತುಂಬಿ ಕಂಬಿ ನೆಟ್ಟರು. ನನ್ನ ಹೆಂಡತಿಯ ರಂಗೋಲಿ ಐದು ಎಳೆಯಿಂದ ಹದಿನೈದು ಎಳೆಗೆ ಬೆಳೆಯಿತು. ರಂಗೋಲಿಯ ಮೇಲೆ ಯಾರೂ ಚಕ್ರ ಹತ್ತಿಸುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಇದನ್ನೆಲ್ಲ ನೋಡಿ ನಾನು ನಗುತ್ತಿದ್ದೆ. ನಾನೂ ಒಂದು ಸೆಕೆಂಡ್ ಹ್ಯಾಂಡ್ ಕಾರು ತಂದ ದಿನದಿಂದ ನಗು ನಿಂತಿತು.

ನಮ್ಮ ಎದುರು ಮನೆ ಖಾದರ್ ಸಾಬ್ರದು. ಶಿರಾ ಗೇಟಿನಲ್ಲಿ ಅವರ ತಂದೆ ಇಟ್ಟಿದ್ದ ಸೈಕಲ್ ಶಾಪು ಇವರ ಕಾಲಕ್ಕೆ ಟೈರು, ಪಂಚರಿನ ಅಂಗಡಿಯಾಗಿತ್ತು. ನಾನು ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಕಾಲದಿಂದ ಅವರು ನನಗೆ ಗಾಳಿ ಹಾಕಿಕೊಟ್ಟಿದ್ದಾರೆ. ಮಾತು ಕಡಿಮೆ, ಕೆಲಸ ಚೊಕ್ಕ. ಒಮ್ಮೆ ನನ್ನ ಸ್ಕೂಟರಿನ ಟೈರು ವಾರದಲ್ಲಿ ಮೂರು ಸಲ ಕೂತಿತು. ಪಂಚರಿಲ್ಲ, ಏನಿಲ್ಲ. ಸಾಬ್ರು ಗಾಳಿ ತುಂಬುವ ವಾಲ್ವಿನ ಕ್ಯಾಪು ಬಿಚ್ಚಿದರು, ಅದರೊಳಗಿಂದ ಒಂದು ಹುರುಳಿಕಾಳು ಅವರ ಅಂಗೈಗೆ ಬಿತ್ತು.

"ಕ್ಯಾಪೊಳಗೆ ಕಾಳು ಹಾಕಿ ತಿರುಗಿಸಿದ್ರೆ ಅದು ಪಿನ್ನು ಒತ್ಕೊಂಡಿರ್ತದೆ ಮೇಷ್ಟ್ರೇ. ಗಾಳಿ ನಿಧಾನಕ್ಕೆ ಹೋಗ್ತಾ ಇರ್ತದೆ. ಹಾಕಿದೋನು ಅಷ್ಟೊತ್ತಿಗೆ ಮನೇಲಿರ್ತಾನೆ" ಎಂದು ವಿವರಿಸಿ, "ನಿಮ್ ಶಿಷ್ಯರೇ ಇರ್ಬೇಕು, ನೋಡ್ಕೊಳಿ" ಎಂದರು. ನಾನು ಆ ತರಗತಿಗೆ ಕೋಪದಲ್ಲಿ ಎರಡು ಅಧ್ಯಾಯ ಹೆಚ್ಚಿಗೆ ಹೋಮ್‌ವರ್ಕ್ ಕೊಟ್ಟೆ. ಆದರೆ ಪಾಠವನ್ನು ಮರೆಯಲಿಲ್ಲ.

ಕಾರುಗಳು ಹೆಚ್ಚಾದ ಮೇಲೆ ಬೀದಿಯ ಸಂಘದವರು ಸಭೆ ಸೇರಿ ಒಂದು ನಿಯಮ ಮಾಡಿದರು. ಬೆಸ ತಾರೀಕಿನಂದು ಎಲ್ಲ ಗಾಡಿಗಳೂ ನಮ್ಮ ಕಡೆ ನಿಲ್ಲಬೇಕು, ಸಮ ತಾರೀಕಿನಂದು ಸಾಬ್ರ ಕಡೆ. ತಪ್ಪಿದವರಿಗೆ ಏನು ಮಾಡುವುದು ಎಂಬ ಮಾತು ಬಂದಾಗ ಯಾರೋ, "ಗಾಳಿ ಬಿಟ್ಬಿಡೋಣ" ಎಂದರು. ಸಭೆಯಲ್ಲಿ ಅದುವರೆಗೆ ಬಾಯಿ ಬಿಡದಿದ್ದ ಸಾಬ್ರು ಎದ್ದು ನಿಂತರು. "ಬೇರೆ ಏನಾದ್ರೂ ಮಾಡಿ ಸಾರ್, ಗಾಳಿ ಮಾತ್ರ ಬಿಡ್ಬೇಡಿ. ಗಾಳಿ ತುಂಬಿ ಅನ್ನ ತಿಂದೋರು ನಾವು. ಇನ್ನೊಬ್ರ ಟೈರಿಂದು ಬಿಟ್ರೆ ಆ ಅನ್ನಕ್ಕೆ ಬೆಲೆ ಇರಲ್ಲ" ಎಂದು ಹೇಳಿ ಕೂತರು. ಆ ಮಾತನ್ನು ಅಲ್ಲಿಗೇ ಕೈಬಿಟ್ಟರು.

ನಿಯಮ ಸರಳವಾಗಿತ್ತು. ಆದರೆ ತಾರೀಕು ಯಾವಾಗ ಬದಲಾಗುತ್ತದೆ ಎಂದು ಯಾರೂ ಬರೆದಿರಲಿಲ್ಲ. ಸಾಬ್ರು ಅಂಗಡಿ ಮುಗಿಸಿ ಬರುವುದು ಸಂಜೆಯ ನಮಾಜಿನ ಹೊತ್ತಿಗೆ. ಮತ್ತೆ ರಾತ್ರಿ ಎದ್ದು ತಮ್ಮ ವ್ಯಾನು ತೆಗೆಯುವುದಕ್ಕೆ ಅವರಿಗೆ ಬೇಜಾರು. "ನಮ್ಮಲ್ಲಿ ಸೂರ್ಯ ಮುಳುಗಿದ್ರೆ ಮಾರನೇ ದಿನ ಶುರು ಮೇಷ್ಟ್ರೇ" ಎಂದು ಆಗಲೇ ಕಡೆ ಬದಲಾಯಿಸುತ್ತಿದ್ದರು. ನನಗೆ ಬೆಳಿಗ್ಗೆ ಕಾಫಿ ಆಗುವವರೆಗೆ ಕಾರು ಮುಟ್ಟಲು ಮನಸ್ಸಿಲ್ಲ. "ನಮ್ಮ ಪಂಚಾಂಗದಲ್ಲಿ ಸೂರ್ಯ ಹುಟ್ಟಿದ ಮೇಲೇ ದಿನ" ಎಂದು ನಾನು. ನಾನು ಹುಟ್ಟಿದ ಮೇಲೆ ಪಂಚಾಂಗವನ್ನು ತೆರೆದದ್ದು ಆ ವಾರವೇ ಮೊದಲು. ಹೀಗಾಗಿ ಒಂದು ರಾತ್ರಿ ಅವರ ವ್ಯಾನು ಅವರ ಮನೆ ಮುಂದೆ, ನನ್ನ ಕಾರು ನನ್ನ ಮನೆ ಮುಂದೆ. ಮರುರಾತ್ರಿ ಅವರದು ನನ್ನ ಮನೆ ಮುಂದೆ, ನನ್ನದು ಅವರ ಮನೆ ಮುಂದೆ. ಎರಡು ರಾತ್ರಿಯೂ ರಸ್ತೆ ಬಂದ್. ಹಾಲಿನವನು ಬೀದಿ ತುದಿಯಲ್ಲಿ ನಿಂತು ಇಬ್ಬರ ದೇವರಿಗೂ ಕೈ ಮುಗಿಯುತ್ತಿದ್ದ.

ಮೂವತ್ತು ವರ್ಷದ ಪರಿಚಯ ಇಪ್ಪತ್ತು ಅಡಿ ರಸ್ತೆಯಲ್ಲಿ ಹಳಸಿತು. ಮೊದಲು ಮಾತು ನಿಂತಿತು. ಆಮೇಲೆ ರಂಜಾನಿನ ಶೀರ್ ಕುರ್ಮಾ, ಯುಗಾದಿಯ ಒಬ್ಬಟ್ಟು ನಿಂತವು. ಒಂದು ಮಧ್ಯಾಹ್ನ ಸಾಬ್ರ ಮನೆಗೆ ಬಂದಿದ್ದ ಯಾರದೋ ಕಾರು ನಮ್ಮ ಗೇಟಿಗೆ ಅಡ್ಡ ನಿಂತಿತ್ತು. ನಾನು ಅಡುಗೆಮನೆಗೆ ಹೋಗಿ ಹುರುಳಿ ಡಬ್ಬಿಗೆ ಕೈ ಹಾಕಿದೆ. ಕೆಲಸ ಇಷ್ಟು ಸುಲಭ ಎಂದು ತಿಳಿದು ನನಗೇ ಆಶ್ಚರ್ಯವಾಯಿತು. ನಾಚಿಕೆಯಾಗಲಿಲ್ಲ, ಖುಷಿಯಾಯಿತು. ಅವತ್ತಿನಿಂದ ಜೇಬಿನಲ್ಲಿ ಪೆನ್ನಿನ ಪಕ್ಕ ನಾಲ್ಕು ಕಾಳು ಇಟ್ಟುಕೊಂಡೇ ಓಡಾಡತೊಡಗಿದೆ. ನಾಲ್ಕು ಚಕ್ರಕ್ಕೆ ನಾಲ್ಕು.

ಆ ಹೊತ್ತಿಗೆ ನಮ್ಮ ಮಗಳು ಸುಮಾಳಿಗೆ ಗಂಡು ಹುಡುಕುತ್ತಿದ್ದೆವು. ಎರಡು ಸಂಬಂಧ ಬಂದು ತಪ್ಪಿಹೋಗಿದ್ದವು. ಮೂರನೆಯದು ಗುಬ್ಬಿಯ ಕಡೆಯ ತೆಂಗಿನ ತೋಟದವರು. ಹುಡುಗ ಇವಳ ಜೊತೆಗೇ ಬಿ.ಎಡ್. ಓದಿದವನು. ಈ ಸಲ ಸುಮಾಳೇ ತಾಯಿಯ ಕೈಲಿ ನನಗೆ ಹೇಳಿ ಕಳಿಸಿದ್ದಳು: "ಅಪ್ಪಂಗೆ ಹೇಳು, ಇದನ್ನ ಹಾಳು ಮಾಡ್ಬೇಡಿ ಅಂತ." ನಾನೇನು ಹಾಳು ಮಾಡುತ್ತೇನೆ ಎಂದು ಸ್ವಲ್ಪ ಬೇಜಾರೂ ಆಗಿತ್ತು.

ಭಾನುವಾರ ಸಂಜೆ ಆರರ ಮೇಲೆ, ರಾಹುಕಾಲ ಕಳೆದು, ಹುಡುಗನ ಕಡೆಯವರು ಬರುತ್ತಾರೆಂದು ಮಾತಾಗಿತ್ತು. ನಾನು ಹೊಸ ತಿಳಿನೀಲಿ ಅಂಗಿ ಹಾಕಿಕೊಂಡು ಶಿರಾ ಗೇಟಿಗೆ ಹೋಗಿ ಮೈಸೂರುಪಾಕು, ಬಾಳೆಹಣ್ಣು, ಮಲ್ಲಿಗೆ ಹೂವು ತಂದೆ. ನಾಲ್ಕೂವರೆಗೆ ಆಟೋ ಇಳಿದರೆ ನಮ್ಮ ಗೇಟಿಗೆ ಸರಿಯಾಗಿ ಅಡ್ಡಲಾಗಿ ಒಂದು ಬಿಳಿ ಜೀಪು. ಅವತ್ತು ಸಮ ತಾರೀಕು, ಸೂರ್ಯ ಇನ್ನೂ ಮುಳುಗಿರಲಿಲ್ಲ. ಸಾಬ್ರ ಲೆಕ್ಕದಲ್ಲಿ ನೋಡಿದರೂ ತಪ್ಪೇ, ನನ್ನ ಲೆಕ್ಕದಲ್ಲಿ ನೋಡಿದರೂ ತಪ್ಪೇ. ಆ ವಾರವೆಲ್ಲ ಸಾಬ್ರ ಮನೆಗೆ ಕುಣಿಗಲ್ಲಿನಿಂದ ನೆಂಟರು ಬರುತ್ತಲೇ ಇದ್ದರು, ಇದೂ ಅವರದೇ ಎಂದುಕೊಂಡೆ. ಇನ್ನೊಂದೂವರೆ ಗಂಟೆಗೆ ಬೀಗರಾಗುವವರು ಬಂದರೆ ತಮ್ಮ ಗಾಡಿ ಎಲ್ಲಿ ನಿಲ್ಲಿಸಬೇಕು ಎಂದು ನನ್ನ ತಲೆ ಕಾದಿತು.

ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಬಗ್ಗಿದೆ. ಹಿಂದಿನ ಚಕ್ರಕ್ಕೆ ಒಂದು ಕಾಳು, ಮುಂದಿನದಕ್ಕೆ ಒಂದು. ಆ ಕಡೆಯ ಎರಡು ಚಕ್ರಕ್ಕೆ ರಸ್ತೆ ಬದಿಗೆ ಹೋಗಬೇಕಿತ್ತು, ಬಿಟ್ಟೆ. ಸಣ್ಣಗೆ ಸುಸ್ ಎನ್ನುವ ಸದ್ದು ಕೇಳಿಸಿಕೊಂಡು ಗೇಟು ತೆಗೆದೆ.

ಬಾಗಿಲ ಮುಂದೆ ಎಂಟು ಚಪ್ಪಲಿಗಳಿದ್ದವು.

ಒಳಗೆ ಕಾಲಿಟ್ಟೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಹುಡುಗನ ತಂದೆ ಗಂಗಾಧರಯ್ಯನವರು, ಮಂಚದ ಮೇಲೆ ಅವರ ಹೆಂಡತಿ, ಹುಡುಗ, ಹುಡುಗನ ಸೋದರಮಾವ. ಕೈಯಲ್ಲಿ ಬಜ್ಜಿ ತಟ್ಟೆ. "ಬನ್ನಿ ಮೇಷ್ಟ್ರೇ" ಎಂದು ಗಂಗಾಧರಯ್ಯನವರೇ ನನ್ನನ್ನು ನನ್ನ ಮನೆಗೆ ಕರೆದರು. "ರಾಹುಕಾಲ ಹುಟ್ಟಾಕ್ ಮುಂಚೆ ನಿಮ್ ಹೊಸ್ಲು ದಾಟಾನ ಅಂತ ಬೇಗ ಬಂದ್ಬುಟ್ವಿ. ಆರು ಗಂಟೆವರ್ಗೂ ಕೂತಿದ್ದು, ಅದು ಕಳೆದ್ಮ್ಯಾಲೆ ಹೊಂಡ್ತೀವಿ."

ಹೊರಗಿನ ಜೀಪು ಇವರದೇ. ಆಘಾತ ಎಂಬ ಪದವನ್ನು ಅಲ್ಲಿಯವರೆಗೆ ನಾನು ಪತ್ರಿಕೆಯಲ್ಲಿ ಮಾತ್ರ ಓದಿದ್ದೆ. ಹೂವಿನ ಪೊಟ್ಟಣ ಕೈಯಿಂದ ಜಾರಿತು. ಹೆಂಡತಿ ಅದನ್ನು ಎತ್ತಿಕೊಂಡು ಕಣ್ಣಲ್ಲೇ ಗದರಿಸಿ ಒಳಗೆ ಹೋದಳು.

ಒಂದೂವರೆ ಗಂಟೆ. ಅಷ್ಟು ಹೊತ್ತು ನಾನು ಆ ಹಾಲಿನಲ್ಲಿ ಕೂತಿದ್ದೆ, ಹೊರಗೆ ಎರಡು ಚಕ್ರ ಉಸಿರು ಬಿಡುತ್ತಿದ್ದವು. ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದಾದರೂ ನನಗೆ ಗಾಳಿಯ ಸದ್ದೇ. ಮೊದಲ ಸಲ, "ಹಾಲು ತಂದುಬಿಡ್ತೀನಿ" ಎಂದು ಎದ್ದೆ. "ಹಾಲಿದೆ, ಕೂತ್ಕೊಳ್ಳಿ" ಎಂದಳು ಹೆಂಡತಿ. ಎರಡನೇ ಸಲ, "ಗೇಟು ಹಾಕಿದೀನೋ ಇಲ್ವೋ ನೋಡ್ತೀನಿ" ಎಂದೆ. ಗಂಗಾಧರಯ್ಯನವರು ಕಿಟಕಿಯತ್ತ ಒಮ್ಮೆ ನೋಡಿ, "ಹಾಕೈತೆ, ಕಾಣ್ತೈತೆ" ಎಂದರು. ಮೂರನೇ ಸಲ ಸುಮ್ಮನೆ ಎದ್ದೆ. "ಕೂತ್ಕಳಿ ಮೇಷ್ಟ್ರೇ, ರಾಹುಕಾಲ್ದಲ್ಲಿ ಎಲ್ಗೋಯ್ತೀರಿ" ಎಂದು ಸೋದರಮಾವ ನನ್ನ ತೋಳು ಹಿಡಿದು ಕೂರಿಸಿದರು. ಸುಮಾ ಕಾಫಿ ತಂದಳು. ಹುಡುಗನಿಗೆ ಲೋಟ ಕೊಡುವಾಗ ಅವಳ ಮುಖ ನೋಡಿದೆ. ಆ ಮುಖವನ್ನು ನೋಡಿದ ಯಾವ ತಂದೆಗೂ ಆ ಹೊತ್ತು ಕಣ್ಣು ತುಂಬಬೇಕು. ನನಗೆ ಬೆವರು ಬಂತು.

"ಯಾಕ್ ಮೇಷ್ಟ್ರೇ ಹಿಂಗ್ ಬೆವರ್ತಿದೀರಿ?" ಎಂದು ಗಂಗಾಧರಯ್ಯನವರು ಕೇಳಿದರು.

"ಶೆಕೆ" ಎಂದೆ. ಅದು ಮಾರ್ಗಶಿರ ಮಾಸ.

ಆರು ಹೊಡೆಯಿತು. ಹೊರಡುವಾಗ ಅವರು, "ಊರಿಗೋಗಿ ತಿಳಿಸ್ತೀವಿ" ಎಂದರು. ಹೆಣ್ಣು ಹೆತ್ತವರಿಗೆ ಗೊತ್ತು, ತಿಳಿಸ್ತೀವಿ ಎಂದವರು ಮುಕ್ಕಾಲು ಪಾಲು ತಿಳಿಸುವುದಿಲ್ಲ. ಅವರ ಹಿಂದೆ ಹೊರಗೆ ಬಂದೆ. ಜೀಪು ನಮ್ಮ ಗೇಟಿನ ಕಡೆಗೆ ವಾಲಿ ನಿಂತಿತ್ತು. ಅದರ ಮುಂದೆ ಖಾದರ್ ಸಾಬ್ರು ಕುಕ್ಕರಗಾಲಲ್ಲಿ ಕೂತಿದ್ದರು. ಅಂಗಡಿಯಿಂದ ಬಂದವರು ಚಕ್ರ ನೋಡಿ ಕ್ಯಾಪು ಬಿಚ್ಚಿದ್ದರು. ಅವರ ಎಡಗೈ ಮುಷ್ಟಿ ಕಟ್ಟಿತ್ತು. ಆ ಮುಷ್ಟಿಯೊಳಗೆ ಏನಿದೆ ಎಂದು ಭೂಮಿಯ ಮೇಲೆ ಇಬ್ಬರಿಗೆ ಗೊತ್ತು ಎಂದುಕೊಂಡೆ.

"ಯಾವನ್ಲಾ ಅವ್ನು ಗಾಳಿ ಬಿಟ್ಟಿರೋನು?" ಎಂದು ಸೋದರಮಾವ ಬೀದಿಗೆಲ್ಲ ಕೇಳುವಂತೆ ಕೂಗಿದರು. "ಹೆಣ್ ನೋಡಾಕ್ ಬಂದೋರ ಗಾಡಿಗೆ ಹಿಂಗಾ ಮಾಡದು? ಇಂಥ ಬೀದೀಲಿ ಸಂಬಂಧ ಬೇರೆ ಕೇಡು."

ಸುಮಾ ಬಾಗಿಲಲ್ಲಿ ನಿಂತಿದ್ದಳು. ನಾನು ಬಾಯಿ ತೆರೆದೆ. ಮತ್ತೆ ಮುಚ್ಚಿದೆ. ಹೇಳಿದ್ದರೆ ಏನಾಗುತ್ತಿತ್ತೆಂದು ಗೊತ್ತಿತ್ತು, ಹೇಳದೆ ನಿಲ್ಲುವುದು ಏನೆಂದೂ ಗೊತ್ತಿತ್ತು.

ಸಾಬ್ರು ನನ್ನ ಮುಖ ನೋಡಿದರು. ಬಾಗಿಲಲ್ಲಿದ್ದ ಮಗಳನ್ನು ನೋಡಿದರು. ಎದ್ದು ನಿಂತು, "ನಾನೇ ಬಿಟ್ಟಿದ್ದು" ಎಂದರು.

"ಇವತ್ತು ಈ ಸೈಡಲ್ಲಿ ನಿಲ್ಲಿಸಂಗಿಲ್ಲ, ಯಾರ್ದೋ ಗಾಡಿ ಅಂದ್ಕೊಂಡೆ. ಮೇಷ್ಟ್ರು ನೆಂಟ್ರು ಅಂತ ಗೊತ್ತಾಗ್ಲಿಲ್ಲ. ತಪ್ಪಾಯ್ತು ಸಾಮಿ. ಹತ್ ನಿಮಿಷ ಕೊಡಿ, ತುಂಬಿಸ್ಕೊಡ್ತೀನಿ" ಎಂದು ವ್ಯಾನಿನಿಂದ ಕಾಲುಪಂಪು ತಂದರು. ಕ್ಯಾಪುಗಳನ್ನು ನನ್ನ ಕೈಗಿತ್ತು, "ಹಿಡ್ಕೊಂಡಿರಿ ಮೇಷ್ಟ್ರೇ" ಎಂದರು. ನಾನು ಹಿಡಿದುಕೊಂಡು ನಿಂತೆ. ಅವರು ತುಳಿದರು. ಸೋದರಮಾವ ಪಕ್ಕದಲ್ಲೇ ನಿಂತು, "ಗಡ್ಡ ಬೆಳ್ಳಗಾಗೈತೆ, ನಾಚ್ಕೆ ಆಗಲ್ವಾ" ಎಂದು ಬೈಯುತ್ತಲೇ ಇದ್ದರು. ಸಾಬ್ರು ತಲೆ ಎತ್ತಲಿಲ್ಲ. ಗಾಳಿ ಬಿಟ್ಟರೆ ತಿಂದ ಅನ್ನಕ್ಕೆ ಬೆಲೆ ಇರುವುದಿಲ್ಲ ಎಂದು ತುಂಬಿದ ಸಭೆಯಲ್ಲಿ ಹೇಳಿದ್ದ ಮನುಷ್ಯ, ಅದೇ ಬೀದಿಯಲ್ಲಿ, ಅಕ್ಕಪಕ್ಕದ ಕಿಟಕಿಗಳೆಲ್ಲ ತೆರೆದಿರುವಾಗ, ಬಿಟ್ಟೆ ಎಂದು ಒಪ್ಪಿಕೊಂಡಿದ್ದರು.

ನಾಲ್ಕು ದಿನಕ್ಕೆ ಗುಬ್ಬಿಯಿಂದ ಒಪ್ಪಿಗೆ ಬಂತು. ಮದುವೆಯಾಯಿತು. ಮದುವೆಯ ಊಟದಲ್ಲಿ ಸೋದರಮಾವ ಸಾಬ್ರನ್ನು ನೋಡಿ, "ನಮ್ ಗಾಡಿ ಕಡೆ ಹೋಗ್ಬ್ಯಾಡಪ್ಪ" ಎಂದು ನಾಲ್ಕು ಜನರೆದುರು ನಕ್ಕರು. ಸಾಬ್ರೂ ನಕ್ಕರು. ನಾನು ಪಕ್ಕದ ಎಲೆಗೆ ಹೋಳಿಗೆ ಬಡಿಸಿಕೊಂಡು ಹೋದೆ. ನಾಳೆ ಹೇಳೋಣ, ಹಬ್ಬದ ದಿನ ಹೇಳೋಣ ಎಂದು ಎಂಟು ವರ್ಷ ಕಳೆಯಿತು. ಆಮೇಲೆ ಜಾಗಕ್ಕಾಗಿ ಅವರ ಜೊತೆ ಒಂದು ಮಾತೂ ಆಡಲಿಲ್ಲ, ನಮ್ಮ ಒರಳನ್ನು ಒಳಗೆ ತಂದಿಟ್ಟೆ, ಶೀರ್ ಕುರ್ಮಾ, ಒಬ್ಬಟ್ಟು ಮತ್ತೆ ರಸ್ತೆ ದಾಟಿದವು. ಇಷ್ಟರಲ್ಲೇ ಋಣ ತೀರಿತು ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ಸಂಗತಿ ಮಾತ್ರ ಕಣ್ಣಿಗೆ ಬೀಳುತ್ತಿದ್ದವು. ಗಂಗಾಧರಯ್ಯನವರು ಬಂದಾಗಲೆಲ್ಲ ನಮಗೊಂದು ಚೀಲ ತೆಂಗಿನಕಾಯಿ ಇಳಿಸಿ, ಸಾಬ್ರ ಮನೆಗೂ ಒಂದು ಚೀಲ ಇಳಿಸುತ್ತಿದ್ದರು. ಟೈರು ಉಳಿಸಿಕೊಳ್ಳಲು ಕೊಡುವ ಲಂಚ ಎಂದು ನಾನು ಒಳಗೇ ಕುಗ್ಗುತ್ತಿದ್ದೆ. ಇನ್ನೊಂದು, ಸಾಬ್ರು ದಿನಾ ಬೆಳಿಗ್ಗೆ ವ್ಯಾನು ಹತ್ತುವ ಮುಂಚೆ ಬಗ್ಗಿ ನೋಡುತ್ತ ಅದರ ಸುತ್ತ ಒಂದು ಸುತ್ತು ಬರುತ್ತಿದ್ದರು. ಕಸುಬಿನವರ ಅಭ್ಯಾಸ ಎಂದುಕೊಂಡಿದ್ದೆ.

ಕಾಳು ಸಿಕ್ಕ ಮೇಲೆ ನನಗೆ ತಡೆಯಲಾಗಲಿಲ್ಲ. ಮುಂದಿನ ಭಾನುವಾರ ಗುಬ್ಬಿಗೆ ಹೋದೆ. ಗಂಗಾಧರಯ್ಯನವರು ತೋಟದಲ್ಲಿ ಕಾಯಿ ಸುಲಿಯುತ್ತಿದ್ದರು. ಅವರ ಮುಂದೆ ನಿಂತು, "ಬೀಗರೇ, ಅವತ್ತು ನಿಮ್ಮ ಜೀಪಿನ ಗಾಳಿ ಬಿಟ್ಟಿದ್ದು ಸಾಬ್ರಲ್ಲ, ನಾನು" ಎಂದು ಒಂದೇ ಉಸಿರಿಗೆ ಹೇಳಿದೆ.

ಅವರು ಕೈಯಲ್ಲಿದ್ದ ಕಾಯಿಯನ್ನು ಪೂರ್ತಿ ಸುಲಿದು ಗುಡ್ಡೆಗೆ ಹಾಕಿದರು. "ಗೊತ್ತು" ಎಂದರು.

"ಹೇಗೆ?"

"ಕಿಟಕಿ ಪಕ್ಕ ಕೂತಿದ್ನಲ್ಲ. ನೀವು ಚಪ್ಲಿ ಸರಿ ಮಾಡ್ಕಳಂಗೆ ಬಗ್ಗಿದ್ದು, ಜೇಬಿಂದ ತೆಗ್ದು ಹಾಕಿದ್ದು, ಎಲ್ಲ ನೋಡ್ದೆ. ಇಂಥ ಮನೇಲಿ ಹೆಣ್ ತರಬಾರ್ದು ಅಂತ ಆವಾಗ್ಲೇ ಎದ್ದೋಯ್ತಿದ್ದೆ. ರಾಹುಕಾಲ ನೋಡಿ, ಹೊರಡಂಗಿರ್ಲಿಲ್ಲ. ಅದ್ಕೆ ಕೂತೆ."

ಸುಲಿದ ಕಾಯಿಯ ಗುಡ್ಡೆಯ ಪಕ್ಕ ಕೂತೆ.

"ಆಮ್ಯಾಕೆ ಆಚೆಗ್ ಬಂದ್ರೆ, ಆ ಸಾಬ್ರು ನಾನೇ ಅಂದ್ರು. ನಮ್ ಬಾಮೈದ ಬಾಯಿಗ್ ಬಂದಂಗೆ ಬೈದ. ಅವ್ರು ಒಂದ್ ಮಾತ್ ಎದುರಾಡ್ಲಿಲ್ಲ. ನಾನ್ ನೋಡ್ತಿದ್ದೆ. ಇಂಥೋರು ಎದ್ರು ಮನೇಲಿದಾರೆ, ಈ ಮನೆ ಮಗಳಿಗೋಸ್ಕರ ಬೈಸ್ಕತಾ ಅವ್ರೆ ಅಂದ್ರೆ, ಆ ಮಗು ಒಳ್ಳೇದಿರ್ಬೇಕು ಅನ್ನಿಸ್ತು." ಅವರು ಇನ್ನೊಂದು ಕಾಯಿ ತೆಗೆದುಕೊಂಡರು. "ಬ್ಯಾಸ್ರ ಮಾಡ್ಕಬ್ಯಾಡಿ ಬೀಗ್ರೇ. ನಾವ್ ಸಂಬಂಧ ಒಪ್ಪಿದ್ದು ನಿಮ್ಮನ್ ನೋಡಿ ಅಲ್ಲ, ಅವ್ರನ್ ನೋಡಿ."

ಬಸ್ಸಿನಲ್ಲಿ ತುಮಕೂರಿಗೆ ಬಂದದ್ದು ನೆನಪಿಲ್ಲ. ಇಳಿದವನು ಮನೆಗೆ ಹೋಗದೆ ನೇರವಾಗಿ ಎದುರು ಮನೆಯ ಗೇಟಿನ ಮುಂದೆ ನಿಂತೆ. ಸಾಬ್ರು ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಏನೇನೋ ಹೇಳಬೇಕೆಂದುಕೊಂಡಿದ್ದೆ. ಜೇಬಿನಿಂದ ಆ ಎರಡು ಕಾಳು ತೆಗೆದು ಅವರ ಮುಂದೆ ಕೈ ಚಾಚಿದೆ.

ಅವರು ಕಾಳುಗಳನ್ನು ಬೆರಳ ತುದಿಯಿಂದ ಎತ್ತಿಕೊಂಡರು.

"ಇವು ನಿಮ್ಮತ್ರನೇ ಇದ್ವಾ ಮೇಷ್ಟ್ರೇ?" ಎಂದರು. "ನಾಲ್ಕು ಚಕ್ರದ ಗಾಡಿಗೆ ಬರೋನು ನಾಲ್ಕು ಕಾಳು ತಂದಿರ್ತಾನೆ. ಅವತ್ತು ನಂಗೆ ಸಿಕ್ಕಿದ್ದು ಎರಡೇ. ಇನ್ನೆರಡು ನನ್ ವ್ಯಾನಿಗೆ ಇಟ್ಕೊಂಡಿದೀರ ಅಂತ, ದಿನಾ ಬೆಳಿಗ್ಗೆ ನೋಡ್ಕೊಂಡೇ ಹತ್ತತಾ ಇದ್ದೆ."

ಎಂಟು ವರ್ಷ. ನನ್ನ ಮಗಳಿಗಾಗಿ ತಲೆ ಬಗ್ಗಿಸಿದ ಮನುಷ್ಯ, ದಿನಾ ಬೆಳಿಗ್ಗೆ, ನನ್ನ ಕೈಗೆ ಹೆದರಿ ಬಗ್ಗಿ ನೋಡುತ್ತಿದ್ದರು. ನಾನು ಅದನ್ನು ನಮ್ಮ ಕಿಟಕಿಯಿಂದ ಕಾಫಿ ಕುಡಿಯುತ್ತ ನೋಡುತ್ತಿದ್ದೆ.

"ಕೂತ್ಕೊಳ್ಳಿ, ಚಾ ತರಿಸ್ತೀನಿ" ಎಂದು ಅವರು ಒಳಗೆ ಹೋದರು. ಚಹಾ ಕುಡಿದೆವು. ನಾನು ಕ್ಷಮಿಸಿ ಎಂದೆನೋ ಇಲ್ಲವೋ ಈಗ ಸರಿಯಾಗಿ ನೆನಪಿಲ್ಲ. ಅತ್ತದ್ದು ನೆನಪಿದೆ.

ಮಾರನೆಯ ಬೆಳಿಗ್ಗೆ ಕಿಟಕಿಯ ಹತ್ತಿರ ನಿಂತೆ. ಕಾಫಿ ತಣ್ಣಗಾಗುತ್ತಿತ್ತು. ಸಾಬ್ರು ಗೇಟು ತೆಗೆದು ಬಂದರು. ವ್ಯಾನಿನ ಬಾಗಿಲು ತೆರೆದರು. ಬಗ್ಗಲಿಲ್ಲ, ಸುತ್ತು ಬರಲಿಲ್ಲ. ಕೂತು ಹೊರಟುಹೋದರು.